ನೀಲಿ ಬ್ರೆಡ್ಡು

ಅಳಿಸಿಬಿಡಲೆ? ಅಳಿಸಿದರೆ ಯಾರಿಗೇನು ನಷ್ಟ? ಮೂಲ ಚಿತ್ರ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಅದರ ಮೇಲೆ ಅಪ್ಪ ಹೊಂದಿಸಿದ ಬಣ್ಣ ಮಾತ್ರ. ಆದರೆ ಅಪ್ಪನಿಗೆ ಹೇಳದೆ ಅಪ್ಪನ ಕೆಲಸವನ್ನು ಅಳಿಸುವುದು, ಅಪ್ಪನಿಗೆ ಹೇಳದೆ ಅದನ್ನು ತಿದ್ದುತ್ತ ಬಂದದ್ದಕ್ಕಿಂತ ದೊಡ್ಡ ತಪ್ಪಲ್ಲವೆ? ಅಥವಾ ತಿದ್ದಿದ ದಿನವೇ ಅಳಿಸಿಯೂ ಆಗಿತ್ತೆ?

ಮಗ ಮೌಸಿನ ಮೇಲೆ ಬೆರಳಿಟ್ಟು ಕುಳಿತಿದ್ದ. ಪರದೆಯ ಮೇಲೆ ಬೇಕರಿಯವರ ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದರು. ನಡುವೆ ಯಜಮಾನಿ, ಪಕ್ಕದಲ್ಲಿ ಆಕೆಯ ಗಂಡ, ಆಚೀಚೆ ಮಕ್ಕಳು ಸೊಸೆಯಂದಿರು, ಕಾಲ ಬಳಿ ಮೊಮ್ಮಕ್ಕಳು. ಎಲ್ಲರಿಗೂ ಬಿಳಿ ಏಪ್ರನ್, ಬಿಳಿ ಟೊಪ್ಪಿ. ಮುಂದಿನ ಮೇಜಿನ ಮೇಲೆ ಆಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡುಗಳ ರಾಶಿ. ಆದರೆ ಪರದೆಯಲ್ಲಿ ಏಪ್ರನ್ನುಗಳು ನೀಲಿಯಾಗಿದ್ದವು, ಬ್ರೆಡ್ಡೂ ನೀಲಿಯಾಗಿತ್ತು. ಮೊಮ್ಮಕ್ಕಳು ಕೆರೆಯಿಂದ ಈಗ ತಾನೆ ಮೇಲೆತ್ತಿದವರ ಹಾಗಿದ್ದರು. ಇಡೀ ಕುಟುಂಬ ಚಳಿಗೆ ಸೆಟೆದುಹೋಗಿ, ಅದೇ ಸಂತೋಷದಲ್ಲಿ ನಗುತ್ತಿರುವಂತಿತ್ತು.

ಈ ಬಣ್ಣ ಹೊಂದಿಸಿದ್ದು ಅಪ್ಪ, ಕಣ್ಣಿನ ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ. "ಆಹಾ, ಬ್ರೆಡ್ಡು ನೋಡು, ಚಿನ್ನದ ಗಟ್ಟಿ ಹಾಗಿದೆ," ಎಂದು ಕುರ್ಚಿಯಿಂದ ಎದ್ದಿದ್ದ. ಈಗ ಅವನ ಒಂದು ಕಣ್ಣಿನ ಪೊರೆ ತೆಗೆದಾಗಿತ್ತು. ಪಟ್ಟಿ ಬಿಚ್ಚಿಸಿಕೊಂಡು ಅಮ್ಮನ ಜೊತೆ ಟ್ಯಾಕ್ಸಿಯಲ್ಲಿ ಬರುತ್ತಿದ್ದ. ಬಂದವನು ಕೈಕಾಲು ತೊಳೆಯುವುದಕ್ಕೂ ಮೊದಲು ನೋಡುವುದು ಈ ಪರದೆಯನ್ನೇ ಎಂಬುದರಲ್ಲಿ ಮಗನಿಗೆ ಸಂಶಯವಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೊ. ಬೀದಿಗೆ ತೆರೆಯುವ ಗಾಜಿನ ಬಾಗಿಲು, ಒಳಗೆ ಗಿರಾಕಿಗಳು ತಲೆ ಬಾಚಿಕೊಳ್ಳಲು ಆಳೆತ್ತರದ ಕನ್ನಡಿ, ಫೋಟೊದ ಹಿನ್ನೆಲೆಗೆಂದು ಗೋಡೆಗೆ ಸುರುಳಿ ಸುತ್ತಿದ ಬೂದು ಬಟ್ಟೆ, ಮೂಲೆಯಲ್ಲಿ ಫೋಟೊ ತೆಗೆಸಿಕೊಳ್ಳುವವರು ಕೂರುವ ಎತ್ತರದ ಸ್ಟೂಲು. ಕಿಟಕಿಯಿಂದ ದೂರ, ಬೆಳಕು ನೇರ ಬೀಳದ ಕಡೆ ಕಂಪ್ಯೂಟರ್ ಮೇಜು. ಅದರ ಮುಂದಿನ ಕುರ್ಚಿಯ ದಿಂಬು ಅಪ್ಪನ ಆಕಾರಕ್ಕೇ ತಗ್ಗಾಗಿತ್ತು. ಅಪ್ಪ ಊಟಕ್ಕೆ ಎದ್ದಾಗಲೂ ಅಲ್ಲಿ ಅಪ್ಪ ಕುಳಿತಂತೆಯೇ ಇರುತ್ತಿತ್ತು.

ಕೆಲಸ ಹಂಚಿಕೊಂಡ ರೀತಿ ಹೀಗೆ. ಕ್ಯಾಮೆರಾದಿಂದ ಬಂದ ರಾ ಫೈಲುಗಳನ್ನು ಫೋಲ್ಡರಿಗೆ ಇಳಿಸಿ, ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿಡುವುದು ಮಗನ ಪಾಲು. ಆಮೇಲೆ 'ಮೊದಲ ಕೈ' ಅಪ್ಪನದು. ಅಪ್ಪ ಒಂದೊಂದೇ ಚಿತ್ರ ನೋಡಿ, ಕಣ್ಣು ಮುಚ್ಚಿದವರನ್ನೂ ಆಕಳಿಸಿದವರನ್ನೂ ಬದಿಗಿಟ್ಟು, ಉಳಿದವಕ್ಕೆ ನಕ್ಷತ್ರ ಕೊಟ್ಟು, ಬೆಳಕು ಬಣ್ಣ ಹೊಂದಿಸುತ್ತಿದ್ದ. 'ಎರಡನೇ ಕೈ' ಮಗನದು: ಅಂಚು ಕತ್ತರಿಸುವುದು, ಮೊಡವೆ ತೆಗೆಯುವುದು, ಪ್ರಿಂಟಿಗೆ ಕಳಿಸುವುದು.

ರಾ ಎಂದರೆ ಏನು ಎಂದು ಗಿರಾಕಿಗಳು ಕೇಳಿದರೆ ಅಪ್ಪನಿಗೆ ಹಬ್ಬ. "ಮೊಬೈಲಲ್ಲಿ ತೆಗೀತೀರಲ್ಲ, ಅದು ಬೆಂದ ಬ್ರೆಡ್ಡು. ಉಪ್ಪು ಕಮ್ಮಿ ಆಯ್ತೋ, ಮುಗೀತು ಕತೆ. ರಾ ಅಂದ್ರೆ ಕಲಸಿಟ್ಟ ಹಿಟ್ಟು. ಉಪ್ಪು ಹಾಕಿ, ತೆಗೀರಿ, ಮತ್ತೆ ಹಾಕಿ. ಹಿಟ್ಟು ಬೇಜಾರು ಮಾಡ್ಕೊಳ್ಳಲ್ಲ." ಮಗನಿಗೆ ಮಾತ್ರ ಒಂದೇ ಪಾಠ: "ಮೊದಲು ಬಿಳಿ ಯಾವುದು ಅಂತ ಹುಡುಕು. ಬಿಳಿ ಬಿಳಿಯಾಗಿದ್ರೆ ಉಳಿದ ಬಣ್ಣಗಳು ತಾವಾಗೇ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತ್ಕೊಳ್ತವೆ."

ಹೀಗೆ ಹೇಳಿದವನ ಕೈಯಿಂದ ಬಿಳಿ ಜಾರತೊಡಗಿದ್ದು ಯಾವಾಗ ಎಂದು ಮಗನಿಗೂ ಸರಿಯಾಗಿ ತಿಳಿಯದು. ಯಾವುದೋ ಶಾಲೆಯ ಗುಂಪು ಚಿತ್ರದಲ್ಲಿ ಮೇಷ್ಟ್ರುಗಳ ಅಂಗಿ ತಿಳಿ ನೀಲಿಯಾಗಿತ್ತು. ಪರದೆ ಕೆಟ್ಟಿರಬೇಕೆಂದು ಮಗ ಪರದೆಯ ಬಣ್ಣವನ್ನು ಅಳೆದು ನೋಡಿದ. ಪರದೆ ಸರಿಯಿತ್ತು. ಮುಂದಿನ ಚಿತ್ರಗಳು ಇನ್ನಷ್ಟು ನೀಲಿಯಾದವು. ಅಪ್ಪ ಬಣ್ಣದ ಸ್ಲೈಡರನ್ನು ನೀಲಿಯ ಕಡೆಗೆ ತಳ್ಳಿ, ತಲೆ ವಾಲಿಸಿ ನೋಡಿ, ಇನ್ನೂ ಒಂದಿಷ್ಟು ತಳ್ಳಿ, "ಈಗ ನೋಡು, ಹಾಲಿನ ಹಾಗೆ," ಎನ್ನುತ್ತಿದ್ದ. ಮಗ ನೋಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ.

ಹೇಳದೇ ಇರುವುದು ಅವನಿಗೆ ಅಭ್ಯಾಸವಾಗಿತ್ತು. "ಮೂರು ವರ್ಷ ತತ್ತ್ವಶಾಸ್ತ್ರ ಓದಿ ಬಂದ, ಹೋಗುವಾಗ ಇದ್ದ ಮಾತನ್ನೂ ಅಲ್ಲೇ ಬಿಟ್ಟು ಬಂದ," ಎಂದು ಅಪ್ಪ ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಿದ್ದ. ಪ್ರೀತಿ ಬಂದಾಗ 'ಮುನಿಗಳು' ಎಂದೇ ಕರೆಯುತ್ತಿದ್ದ. ಆದರೆ ಇಲ್ಲಿ ಮಗ ಸುಮ್ಮನಿದ್ದುದಕ್ಕೆ ಬೇರೆ ಕಾರಣವೂ ಇತ್ತು. ಅಪ್ಪ ಚಿಕ್ಕವನಾಗಿದ್ದಾಗ ಒಬ್ಬ ಗುರುವಿನ ಸ್ಟುಡಿಯೊದಲ್ಲಿ ಕೆಲಸ ಕಲಿತಿದ್ದ. ನೆಗೆಟಿವ್ ಮೇಲೆ ಕೂದಲೆಳೆಯ ಕುಂಚದಿಂದ ಮುಖದ ಕಲೆ ಮರೆಸುವುದರಲ್ಲಿ ಆ ಗುರುವಿಗೆ ಸಾಟಿ ಇರಲಿಲ್ಲವಂತೆ. ವಯಸ್ಸಾಗಿ, ಮೂಗಿಗೆ ಹಚ್ಚಬೇಕಾದ್ದು ತುಟಿಗೆ ಹಚ್ಚತೊಡಗಿದಾಗ ಅಪ್ಪ ಒಂದು ದಿನ ಗಿರಾಕಿಯೆದುರೇ, "ನಿಮಗೆ ಕಣ್ಣು ಕಾಣಲ್ಲ ಬಿಡಿ," ಎಂದುಬಿಟ್ಟಿದ್ದ. ಗುರು ಕುಂಚ ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ. ಇದನ್ನು ಮಗನಿಗೆ ಹೇಳಿದ್ದು ಅಮ್ಮ. ಅಪ್ಪ ಹೇಳುತ್ತಿದ್ದುದು ಇಷ್ಟೇ: "ನನಗೆ ಯಾರೂ ಬಾಯಿಬಿಟ್ಟು ಹೇಳ್ಬೇಕಾಗಿಲ್ಲ. ನನ್ನ ಕೈಲಿ ಬಣ್ಣ ತಪ್ಪಿದ ದಿನ ನಾನೇ ಈ ಕುರ್ಚಿ ಬಿಟ್ಟು ಏಳ್ತೀನಿ. ಎದ್ದ ಮೇಲೆ ಈ ಕೋಣೆಗೂ ಕಾಲಿಡಲ್ಲ."

ಅವನು ಹೇಳಿದಂತೆ ಮಾಡುವವನೇ. ಈ ಕೋಣೆ ಇಲ್ಲದೆ ಅಪ್ಪ ಮನೆಯ ಯಾವ ಭಾಗದಲ್ಲಿ ಇರುತ್ತಾನೆ ಎಂದು ಮಗ ಊಹಿಸಲು ಯತ್ನಿಸಿದ್ದ. ಹಿತ್ತಿಲಲ್ಲಿ? ಅಡುಗೆಮನೆಯ ಬಾಗಿಲಲ್ಲಿ? ಎಲ್ಲಿ ನಿಲ್ಲಿಸಿ ನೋಡಿದರೂ ಆ ಚಿತ್ರದಲ್ಲಿ ಅಪ್ಪನ ಕೈಗಳನ್ನು ಎಲ್ಲಿಡುವುದೆಂದು ಅವನಿಗೆ ತೋಚಿರಲಿಲ್ಲ.

ಹಾಗಾಗಿ ಅಪ್ಪ ಎದ್ದುಹೋದ ಮೇಲೆ ಮಗ ಪ್ರತಿ ಚಿತ್ರಕ್ಕೂ ಸಾಫ್ಟ್‌ವೇರಿನೊಳಗೇ ಒಂದು ಪ್ರತಿ ಮಾಡಿ, ಅದರಲ್ಲಿ ಬಣ್ಣ ಸರಿಪಡಿಸಿ, ಆ ಪ್ರತಿಯನ್ನು ಪ್ರಿಂಟಿಗೆ ಕಳಿಸುತ್ತಿದ್ದ. ತಿದ್ದಿದ ಪ್ರತಿ ಕೆಳಗೆ, ಅಪ್ಪನದು ಮೇಲೆ. ಅಪ್ಪನದನ್ನು ಮೇಲಿಟ್ಟದ್ದು ಗೌರವದಿಂದಲೋ ಭಯದಿಂದಲೋ, ಅವನೇ ಅರಿಯ. ಕೆಲವು ಸಲ, ಇದು ಅಪ್ಪನನ್ನು ಕಾಪಾಡುವುದೋ ಅಥವಾ ಅಪ್ಪನ ತಪ್ಪು ತನಗೊಬ್ಬನಿಗೇ ಗೊತ್ತೆಂಬ ಸಣ್ಣ ಸುಖವನ್ನು ಕಾಪಾಡುವುದೋ ಎಂಬ ಪ್ರಶ್ನೆ ಬಂದು ಅವನ ಕೈ ನಿಲ್ಲುತ್ತಿತ್ತು. ಉತ್ತರ ಸಿಗುವ ಮೊದಲು ಲ್ಯಾಬಿಗೆ ಕಳಿಸುವ ಹೊತ್ತಾಗುತ್ತಿತ್ತು.

ಇದರಲ್ಲಿ ನಿಜವಾಗಿ ಪೆಟ್ಟು ತಿಂದವನು ಲ್ಯಾಬಿನ ಪ್ರಿಂಟಿನವನು. ಪ್ರಿಂಟು ಬಂದಾಗಲೆಲ್ಲ ಅಪ್ಪ ಅದನ್ನು ಬೆಳಕಿಗೆ ಹಿಡಿದು, ಮುಖ ಕಿವುಚಿ, ಫೋನು ಎತ್ತುತ್ತಿದ್ದ.

"ಏನಯ್ಯಾ, ಮತ್ತೆ ಹಳದಿ! ನಾನು ಕಳಿಸಿದ್ದೇನು, ನೀನು ಕೊಟ್ಟಿದ್ದೇನು? ನಿನ್ನ ಮೆಷಿನ್ನಿಗೆ ಕಾಮಾಲೆ ಬಂದಿದೆ ಕಣಯ್ಯ!"

"ಹೌದಣ್ಣ, ಮೆಕ್ಯಾನಿಕ್‌ಗೆ ಹೇಳಿದೀನಿ."

"ಮೆಕ್ಯಾನಿಕ್ ಬೇಡ, ಡಾಕ್ಟರಿಗೆ ತೋರಿಸು. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತಾರೆ. ನಿನ್ನ ಮೆಷಿನ್ನಿಗೆ ಕಣ್ಣೇ ಇಲ್ಲ, ಆದರೂ ಹಳದಿ!"

ಪ್ರಿಂಟಿನವನಿಗೆ ಎಲ್ಲ ಗೊತ್ತಿತ್ತು. ಒಮ್ಮೆ ಮಗನನ್ನು ಪಕ್ಕಕ್ಕೆ ಕರೆದು, "ಅಣ್ಣನ ಬಾಯಲ್ಲಿ ಬೈಸಿಕೊಳ್ಳೋದು ನನಗೇನೂ ಹೊಸದಲ್ಲಪ್ಪ. ಆದ್ರೆ ನನ್ನ ಮೆಷಿನ್ನಿಗೆ ಬೇಜಾರಾಗುತ್ತೆ," ಎಂದಿದ್ದ.

ಕಣ್ಣಿನ ಮಾತೆತ್ತಿದ್ದು ಕಡೆಗೆ ಅಮ್ಮ. ಒಂದು ಸಂಜೆ ಅಪ್ಪ ಆಳೆತ್ತರದ ಕನ್ನಡಿಯತ್ತ ತಿರುಗಿ, "ಬನ್ನಿ ಬನ್ನಿ, ಕೂತ್ಕೊಳ್ಳಿ, ಪಾಸ್‌ಪೋರ್ಟ್ ಸೈಜಾ?" ಎಂದು ತನ್ನ ಪ್ರತಿಬಿಂಬವನ್ನೇ ಉಪಚರಿಸಿದ. ಅಮ್ಮ ಸೌಟು ಹಿಡಿದುಕೊಂಡೇ ಬಂದು, "ಆ ಗಿರಾಕಿಯನ್ನ ನಾನು ಬಲ್ಲೆ. ಮೊದಲು ಅವರನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ," ಎಂದಳು. ಎರಡೂ ಕಣ್ಣಲ್ಲಿ ಪೊರೆ, ಒಂದು ಈಗ, ಇನ್ನೊಂದು ಕೆಲವು ವಾರಗಳ ನಂತರ ಎಂದರು ಡಾಕ್ಟರು. ಅಪ್ಪ ಒಪ್ಪಿದ, ಆದರೆ ತನ್ನದೇ ಷರಾ ಸೇರಿಸಿ: "ಸ್ವಲ್ಪ ಮಂಜು ಕವಿದಿದೆ, ಅಷ್ಟೇ. ಬಣ್ಣ ಪಕ್ಕಾ ಇದೆ."

ಹೊರಗೆ ಟ್ಯಾಕ್ಸಿಯ ಬಾಗಿಲು ಬಡಿದುಕೊಂಡಿತು. ಮಗನ ಬೆರಳು ಮೌಸಿನ ಮೇಲೆಯೇ ಇತ್ತು. ಅಳಿಸಲಿಲ್ಲ. ಅಳಿಸಬಾರದೆಂದು ನಿರ್ಧರಿಸಿದ್ದರಿಂದಲ್ಲ, ನಿರ್ಧರಿಸಲು ಆಗದ್ದರಿಂದ. ಅವನು ಎದ್ದು ಬಾಗಿಲು ತೆಗೆದ.

ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ತಲೆ ಎತ್ತಿಕೊಂಡು, ಯಾವುದೋ ಮೆರವಣಿಗೆಯ ಮುಂದಾಳಿನ ಹಾಗೆ ಒಳಗೆ ಬಂದ.

"ಡಾಕ್ಟರು ತಲೆ ಬಗ್ಗಿಸ್ಬೇಡಿ ಅಂದಿದ್ದಾರೆ," ಎಂದಳು ಹಿಂದಿನಿಂದ ಅಮ್ಮ.

"ನಾನು ಯಾವತ್ತು ಬಗ್ಗಿಸಿದ್ದೆ?" ಅಪ್ಪ ಕನ್ನಡಕ ತೆಗೆದ. ಸುತ್ತ ನೋಡಿದ. ಅವನ ಬಾಯಿ ತಾನಾಗಿ ತೆರೆದುಕೊಂಡಿತು. "ಅರೆ! ಗೋಡೆಗೆ ಬಣ್ಣ ಯಾವಾಗ ಹೊಡೆಸಿದ್ರಿ?"

"ಹೊಡೆಸಿ ಎಷ್ಟೋ ವರ್ಷ ಆಯ್ತು. ಇನ್ನೊಂದು ಸಲ ಹೊಡೆಸೋ ಹೊತ್ತಾಯ್ತು."

"ಎಷ್ಟು ಬೆಳ್ಳಗಿದೆಯೇ! ನಾನು ಇದನ್ನ ಬೆಣ್ಣೆ ಬಣ್ಣ ಅಂದ್ಕೊಂಡಿದ್ದೆ." ಅವನು ಅಮ್ಮನ ಕಡೆ ತಿರುಗಿದ. "ಏನೇ ಇದು, ನಿನ್ನ ತಲೆಕೂದಲು! ಇಷ್ಟು ನೆರೆದಿದೆ ಅಂತ ನನಗೆ ಯಾರೂ ಹೇಳ್ಲೇ ಇಲ್ಲ."

"ಹೇಳೋದೇನು, ಪೇಪರಲ್ಲಿ ಹಾಕಿಸ್ಬೇಕಿತ್ತಾ?"

"ಇಲ್ಲ ಕಣೇ, ಚೆನ್ನಾಗಿದೆ. ಒಳ್ಳೇ ಬಿಳಿ. ಫೋಟೊದಲ್ಲಿ ಇಂಥ ಬಿಳಿ ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು."

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವ ನೆಪದಲ್ಲಿ ನಕ್ಕಳು. ಮಗನಿಗೂ ನಗು ಬಂತು, ಅರ್ಧಕ್ಕೇ ನಿಂತಿತು. ಅಪ್ಪ ಮೇಜಿನ ಕಡೆ ಹೋಗುತ್ತಿದ್ದ.

ಅವನು ಪರದೆಯ ಮುಂದೆ ನಿಂತ. ಕೂರಲಿಲ್ಲ.

"ಯಾರೋ ಇದು?"

ಅಪ್ಪ ಪರದೆಯತ್ತ ಬೆರಳು ಚಾಚಿದ.

"ಬ್ರೆಡ್ಡೇನೋ ಇದು? ಬಟ್ಟೆ ಸೋಪಿನ ಹಾಗಿದೆ! ಇದನ್ನ ಅಂಗಡಿ ಗೋಡೆಗೆ ಹಾಕಿದ್ರೆ ಆ ಬೇಕರಿಗೆ ಇಲಿ ಕೂಡ ಕಾಲಿಡಲ್ಲ. ನಾನು ಚಿನ್ನದ ಹಾಗೆ ಮಾಡಿಟ್ಟು ಹೋಗಿದ್ದೆ. ಯಾರು ಇದಕ್ಕೆ ಕೈ ಹಾಕಿದ್ದು?"

ಅಮ್ಮ ಮಗನನ್ನು ನೋಡಿದಳು. ಮಗ ಕುರ್ಚಿಯನ್ನು ನೋಡಿದ, ದಿಂಬಿನ ತಗ್ಗನ್ನು ನೋಡಿದ.

"ನಾನೇ ಅಪ್ಪ," ಎಂದ. "ನೀವು ಹೋದ್ಮೇಲೆ ಕೈ ಹಾಕಿದೆ. ಕೆಟ್ಟುಹೋಯ್ತು."

"ನೀನಾ?" ಅಪ್ಪ ಹೊಸ ಕಣ್ಣನ್ನು ಮಗನ ಮೇಲೆ ನೆಟ್ಟ. "ತತ್ತ್ವಶಾಸ್ತ್ರ ಓದಿದೋರಿಗೆ ಬ್ರೆಡ್ಡು ಯಾವ ಬಣ್ಣ ಅಂತಾನೂ ಗೊತ್ತಿರಲ್ವಾ?"

"ಗಮನ ಇರಲಿಲ್ಲ."

"ಗಮನ ಇರಲಿಲ್ಲವಂತೆ! ಕೇಳಿಸ್ಕೊಂಡ್ಯೇನೇ?"

"ಕೇಳಿಸ್ತು. ಈ ಮನೇಲಿ ಯಾರ ಕಿವಿಗೂ ಪೊರೆ ಬಂದಿಲ್ಲ," ಎಂದು ಅಮ್ಮ ಒಳಗೆ ಹೋದಳು. ಆದರೆ ಅಡುಗೆಮನೆಯಿಂದ ಪಾತ್ರೆಯ ಸದ್ದೇನೂ ಬರಲಿಲ್ಲ.

ಅಪ್ಪ ಗೊಣಗುತ್ತ ಕುರ್ಚಿಯಲ್ಲಿ ಕುಳಿತ. ಬೇಕರಿ ಬಿಟ್ಟು ಹಿಂದಿನ ಫೋಲ್ಡರ್ ತೆರೆದ. ಇನ್ನೊಂದು ಶಾಲೆಯ ಮೇಷ್ಟ್ರುಗಳೂ ನೀಲಿ. ಅದರ ಹಿಂದಿನದು ತೆರೆದ. ಹೊಸದಾಗಿ ಹುಟ್ಟಿದ ಮಗುವೊಂದು ಬಿಳಿ ಟವೆಲಿನಲ್ಲಿ ನೀಲಿಯಾಗಿ ಮಲಗಿತ್ತು. ಈಜು ತಂಡದ ಚಿತ್ರದಲ್ಲಿ ನೀರು ಮಾತ್ರ ಸರಿಯಾಗಿತ್ತು. ಅಪ್ಪನ ಗೊಣಗಾಟ ಕಡಿಮೆಯಾಗುತ್ತ ಬಂತು. ಚಿತ್ರಗಳ ಅಡಿಯಲ್ಲಿ ಇನ್ನೊಂದೊಂದು ಪ್ರತಿ ಇರುವುದು ಅವನ ಕಣ್ಣಿಗೆ ಬಿತ್ತು. ಒಂದನ್ನು ತೆರೆದ. ಟವೆಲು ಬಿಳಿಯಾಗಿತ್ತು, ಮಗು ಕೆಂಪಗೆ ಬೆಚ್ಚಗಿತ್ತು.

"ಇದು?"

"ಅದು ಸರಿ ಮಾಡಿದ್ದು."

"ಯಾರು?"

"ನಾನೇ."

"ಕೆಡಿಸಿದ್ದೂ ನೀನೇ, ಸರಿ ಮಾಡಿದ್ದೂ ನೀನೇ. ಹಾಗಾದ್ರೆ ಇಷ್ಟು ದಿನ ಈ ಕುರ್ಚೀಲಿ ನಾನೇನು ಮಾಡ್ತಿದ್ದೆ?"

ಇಂಥ ಪ್ರಶ್ನೆಗೆ ಮೌನವೇ ಉತ್ತರವಾಗಿಬಿಡುತ್ತದೆ ಎಂದು ಮಗನಿಗೆ ಅನ್ನಿಸಿದ್ದು ಬಾಳಿನಲ್ಲಿ ಅದೇ ಮೊದಲು. "ಮೊದಲು ಬಿಳಿ ಯಾವುದು ಅಂತ ಹುಡುಕು ಅಂತ ಹೇಳ್ತಿದ್ರಿ," ಎಂದ. "ನಾನು ಮೊದಲು ಹುಡುಕಲಿಲ್ಲ. ಆಮೇಲೆ ನೀವು ಹೇಳಿದ್ದು ನೆನಪಾಗಿ ಹುಡುಕಿದೆ. ಸಿಕ್ಕಿತು. ನೀವು ಹೇಳದೆ ಇದ್ದಿದ್ರೆ ಸಿಗ್ತಿರಲಿಲ್ಲ."

"ಅಬ್ಬಾ! ಮುನಿಗಳು ಇಷ್ಟು ಮಾತಾಡಿದ್ದು ನಾನು ಕೇಳೇ ಇರಲಿಲ್ಲ," ಎಂದ ಅಪ್ಪ. ಧ್ವನಿಯಲ್ಲಿ ಹಾಸ್ಯವಿತ್ತು, ಮುಖದಲ್ಲಿ ಇನ್ನೂ ಬಂದಿರಲಿಲ್ಲ. ಬೇಕರಿಯ ಚಿತ್ರವನ್ನು ಮತ್ತೆ ತೆರೆದ. ಅಂಗೈಯನ್ನು ಬಟ್ಟಲಿನಂತೆ ಮಾಡಿ, ಮುಟ್ಟದೆ, ಹೊಸ ಕಣ್ಣಿಗೆ ಅಡ್ಡ ಹಿಡಿದ. ಹಳೆಯ ಕಣ್ಣಿನಿಂದ ನೀಲಿ ಬ್ರೆಡ್ಡನ್ನು ನೋಡಿದ.

ಪೊರೆಯ ಹಳದಿಯ ಮೂಲಕ ಆ ಕಣ್ಣಿಗೆ ಏನು ಕಾಣುತ್ತಿದೆ ಎಂದು ಮಗನಿಗೆ ಗೊತ್ತಿತ್ತು. ಚಿನ್ನದ ಗಟ್ಟಿ.

ಅಪ್ಪ ಕೈ ತೆಗೆದ. ನೋಡಿದ. ಮತ್ತೆ ಅಡ್ಡ ಹಿಡಿದ, ಮತ್ತೆ ತೆಗೆದ.

"ಏನ್ರೀ ಅದು ಕಣ್ಣಾಮುಚ್ಚಾಲೆ?" ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಡಾಕ್ಟರು ಒಂದೊಂದೇ ಕಣ್ಣಲ್ಲಿ ನೋಡಿ ಅಂದಿದ್ದಾರಲ್ಲ, ನೋಡ್ತಿದೀನಿ," ಎಂದ ಅಪ್ಪ, ತಿರುಗದೆ. ಆಮೇಲೆ ಕುರ್ಚಿಯ ಕೈಗಳನ್ನು ಹಿಡಿದು ಎದ್ದ.

ಅಪ್ಪ ಮೇಜು ಬಿಟ್ಟು ನಡೆದ. ಕನ್ನಡಿ ದಾಟಿದ. ಬಾಗಿಲ ತನಕ ಹೋದವನು ಬಾಗಿಲು ದಾಟಲಿಲ್ಲ. ಮೂಲೆಯಲ್ಲಿದ್ದ ಎತ್ತರದ ಸ್ಟೂಲನ್ನು ಎತ್ತಲು ಕೈ ಹಾಕಿದ. "ಭಾರ ಎತ್ತಬಾರದು!" ಎಂದು ಅಮ್ಮ ಕೂಗಿದಳು. "ಹಾಗಾದ್ರೆ ನಿನ್ನ ಮಗನಿಗೆ ಹೇಳು, ಬೊಂಬೆ ಹಾಗೆ ನಿಂತಿದ್ದಾನೆ." ಮಗ ಓಡಿಹೋಗಿ ಸ್ಟೂಲು ತಂದು ಕುರ್ಚಿಯ ಪಕ್ಕದಲ್ಲಿಟ್ಟ, ತಾನೇ ಅದರ ಮೇಲೆ ಕೂರಲು ಹೋದ.

"ಅಲ್ಲಲ್ಲ. ಅದು ನನ್ನದು. ನೀನು ಅಲ್ಲಿ ಕೂತ್ಕೋ."

ಮಗ ಕುರ್ಚಿಯಲ್ಲಿ ಕುಳಿತ. ತಗ್ಗು ಅವನಿಗೆ ದೊಡ್ಡದಾಯಿತು. ಅಪ್ಪ ಸ್ಟೂಲಿನ ಮೇಲೇರಿ, ಫೋಟೊ ತೆಗೆಸಿಕೊಳ್ಳುವವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ.

"ಕೇಳು. ಈ ಇನ್ನೊಂದು ಕಣ್ಣು ಆಗೋವರೆಗೆ ಬಣ್ಣ ನಿನ್ನದು. ಬೆಳಕು, ಆಯ್ಕೆ ನನ್ನದು. ಆಮೇಲಿನದು ಆಮೇಲೆ. ಗಮನ ಇರಲಿಲ್ಲ ಅಂದೆಯೋ, ಕಿವಿ ಹಿಂಡ್ತೀನಿ. ಈ ಎತ್ತರದಿಂದ ನಿನ್ನ ಕಿವಿ ಚೆನ್ನಾಗಿ ಸಿಗುತ್ತೆ."

"ಆಗಲಿ ಅಪ್ಪ. ಈ ನೀಲಿಗಳನ್ನೆಲ್ಲ ಅಳಿಸಿಬಿಡ್ಲಾ?"

"ಬೇಡ, ಇರಲಿ. ಎರಡೂ ಕಣ್ಣು ಸರಿಹೋದ ದಿನ ಕೂತು ನಗೋಣ."

ಬೇಕರಿಯ ಯಜಮಾನಿ ಸಂಜೆಗೆ ಚಿತ್ರ ಬೇಕೆಂದು ನೆನಪಿಸಲು ಬಂದಳು. ಅಪ್ಪನ ಕಣ್ಣಿಗೆ ಒಳ್ಳೆಯದಾಗಲೆಂದು ಬಿಸಿ ಬ್ರೆಡ್ಡೊಂದನ್ನೂ ತಂದಿದ್ದಳು. "ಬ್ರೆಡ್ಡಿಗೂ ಕಣ್ಣಿಗೂ ಏನಮ್ಮ ಸಂಬಂಧ?" ಎಂದ ಅಪ್ಪ. "ಸಂಬಂಧ ಇಲ್ಲ, ಆದ್ರೆ ನಾನು ಮಾಡೋದು ಅದೊಂದೇ," ಎಂದು ಆಕೆ ಹೋದಳು. ಅಪ್ಪ ಆ ಬ್ರೆಡ್ಡನ್ನು ಪರದೆಯ ಪಕ್ಕಕ್ಕೆ ಎತ್ತಿ ಹಿಡಿದು ಹಳೆಯ ಕಣ್ಣು ಮುಚ್ಚಿಕೊಂಡ. ಮಗ ಮೊದಲು ಯಜಮಾನಿಯ ಟೊಪ್ಪಿಯಲ್ಲಿ ಬಿಳಿಯನ್ನು ಹುಡುಕಿದ. ನೀಲಿ ಕರಗಿತು. ಮೊಮ್ಮಕ್ಕಳಿಗೆ ಜೀವ ಬಂತು.

"ಇನ್ನೊಂಚೂರು ಕೆಂಪು. ಸಾಕು, ಸಾಕು, ಸೀದುಹೋಗುತ್ತೆ! ಹಿಂದಕ್ಕೆ ಬಾ. ಹಾಂ, ಅಲ್ಲೇ ಇರು." ನಡುನಡುವೆ ಅಪ್ಪ ಮಾದರಿಯಿಂದಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ, ಮಗನಿಗೂ ಕೊಡುತ್ತಿದ್ದ. ಬಣ್ಣ ಸರಿಹೋಗುವಷ್ಟರಲ್ಲಿ ಹೋಲಿಸಿ ನೋಡಲು ಬ್ರೆಡ್ಡೇ ಉಳಿದಿರಲಿಲ್ಲ. ಕೀಬೋರ್ಡಿನ ತುಂಬ ಚೂರು ಬಿದ್ದಿತ್ತು.

ಚಿತ್ರ ಲ್ಯಾಬಿಗೆ ಹೋಯಿತು. ಅಪ್ಪ ಫೋನು ಎತ್ತಿದ. ಮಗ ಅಭ್ಯಾಸಬಲದಿಂದ ಕುಗ್ಗಿದ.

"ಏನಯ್ಯಾ, ನಿನ್ನ ಮೆಷಿನ್ನಿನ ಕಾಮಾಲೆ ವಾಸಿಯಾಯ್ತು ಕಣಯ್ಯ."

ಆಚೆ ಕಡೆಯಿಂದ ಪ್ರಿಂಟಿನವನು ಕೇಳಿದ: "ಅದು ಹೇಗಣ್ಣ?"

"ನಾನೇ ಆಪರೇಷನ್ ಮಾಡಿಸ್ಕೊಂಡೆ, ಅದಕ್ಕೆ!"

ಪ್ರಿಂಟಿನವನು ನಕ್ಕ ನಗು ಫೋನಿನಿಂದ ಹೊರಗೂ ಕೇಳಿಸಿತು. ಅಪ್ಪ ಅವನಿಗಿಂತ ಜೋರಾಗಿ ನಕ್ಕ. ಅಮ್ಮ, "ಕಣ್ಣಿಗೆ ಒತ್ತಡ ಬೀಳುತ್ತೆ, ಮೆಲ್ಲಗೆ ನಗ್ರೀ," ಎಂದು ಒಳಗಿನಿಂದ ಕೂಗುತ್ತ ತಾನೂ ನಗುತ್ತಿದ್ದಳು. ಅಪ್ಪ ಫೋನು ಇಟ್ಟು, ಸ್ಟೂಲಿನ ಮೇಲಿಂದ ಮಗನ ಹೆಗಲ ಮೇಲೆ ಕೈ ಇಟ್ಟ, ಇಳಿಯಲು ಆಧಾರಕ್ಕೆಂಬಂತೆ. ಇಳಿದ ಮೇಲೂ ತೆಗೆಯಲಿಲ್ಲ.

ಇನ್ನೊಂದು ಕಣ್ಣೂ ಆಯಿತು. ಸ್ಟೂಲು ಮಾತ್ರ ಮತ್ತೆ ಮೂಲೆಗೆ ಹೋಗಲಿಲ್ಲ. ಮಾತು ಬಂದಾಗಲೆಲ್ಲ ಅಪ್ಪ ಗಿರಾಕಿಗಳಿಗೆ ಆ ನೀಲಿ ಚಿತ್ರ ತೆರೆದು ತೋರಿಸಿ, "ಇದು ನಮ್ಮ ಮುನಿಗಳ ಮೊದಲ ಬ್ರೆಡ್ಡು," ಎಂದು ನಗಿಸುತ್ತಾನೆ. ನಗಿಸುವಾಗ ಮಗನ ಕಡೆ ನೋಡುವುದಿಲ್ಲ. ಮಗನೂ ಎಲ್ಲರೊಂದಿಗೆ ನಗುತ್ತಾನೆ. ಬ್ರೆಡ್ಡನ್ನು ನೀಲಿ ಮಾಡಿದ್ದು ತಾನಲ್ಲ ಎಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.